ನೂರಕ್ಕೆ ನೂರೊಂದು

ಯಶೋಧರಾ ಕನ್ನಡ ಮೇಡಂ. ಹಾಸನದಿಂದ ಗೊರೂರು ಹಾದು ಅರಕಲಗೂಡಿಗೆ ಹೋಗುವ ಬಸ್ಸು ನಡುವೆ ನಿಲ್ಲುವ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಬಹಳ ವರ್ಷಗಳಿಂದ ಪಾಠ ಮಾಡುತ್ತಿದ್ದಾಳೆ. ಪಾಠ ಚೆನ್ನಾಗಿಯೇ ಮಾಡುತ್ತಾಳೆ, ಅದರಲ್ಲಿ ಎರಡು ಮಾತಿಲ್ಲ. ಅವಳು ಪದ್ಯ ಓದಲು ಶುರು ಮಾಡಿದರೆ ಕೊನೇ ಬೆಂಚಿನ ಹುಡುಗರೂ ಗುಸುಗುಸು ನಿಲ್ಲಿಸುತ್ತಾರೆ. ಆದರೆ ಅವಳೊಳಗೆ ಒಂದು ಗುಟ್ಟಿದೆ. ಗುಟ್ಟೆಂದರೆ ಅಂಥ ದೊಡ್ಡ ಗುಟ್ಟೇನಲ್ಲ, ಗಂಡ ನಾಗೇಶನಿಗೂ ಹೇಳಿಲ್ಲ ಅಷ್ಟೇ. ಈ ಕನ್ನಡ ಮೇಡಂಗೆ ಓದಬೇಕೆನಿಸಿದ್ದು ಗಣಿತ.

ಪಕ್ಕದ ಕೋಣೆಯಲ್ಲಿ ಗಣಿತದ ಕೀರ್ತಿರಾಜ್ ಮೇಷ್ಟ್ರು ಬೋರ್ಡಿನ ಮೇಲೆ ವೃತ್ತ, ಸ್ಪರ್ಶಕ ಎಳೆಯುತ್ತಿದ್ದರೆ ಕಾರಿಡಾರಿನಲ್ಲಿ ಹೋಗುವ ಇವಳ ಕಾಲು ತಾನಾಗಿ ನಿಧಾನವಾಗುತ್ತದೆ. ಕಿಟಕಿಯಲ್ಲಿ ಒಮ್ಮೆ ಕಣ್ಣು ಹಾಯಿಸಿ, ಲೆಕ್ಕ ಮುಂದೆ ಹೇಗೆ ಹೋಗುತ್ತದೆಂದು ಮನಸ್ಸಿನಲ್ಲೇ ಬಿಡಿಸಿ, ಮೇಷ್ಟ್ರು ಬರೆಯುವ ಮೊದಲೇ ಉತ್ತರ ಹಿಡಿದುಕೊಂಡು ಹೊರಟುಬಿಡುತ್ತಾಳೆ. ಹತ್ತನೇ ತರಗತಿಯ ಗಣಿತ ಪುಸ್ತಕ ಅವಳ ಬ್ಯಾಗಿನಲ್ಲಿ ಸದಾ ಇರುತ್ತದೆ. ಯಾರಾದರೂ ಕೇಳಿದರೆ ನಮ್ಮಣ್ಣನ ಮಗಳಿಗೆ ಅನ್ನುತ್ತಾಳೆ. ಆ ಅಣ್ಣನ ಮಗಳು ಹತ್ತನೇ ತರಗತಿ ದಾಟಿ, ಮದುವೆಯಾಗಿ, ಕೂಸು ಎತ್ತಿಕೊಂಡು ಓಡಾಡುತ್ತಿದ್ದಾಳೆ ಅನ್ನುವುದು ಬೇರೆ ಮಾತು.

ವರ್ಷಕ್ಕೊಮ್ಮೆ ಮಾತ್ರ ಅವಳು ಈ ಆಸೆಯನ್ನು ರಾಜಾರೋಷವಾಗಿ ತೀರಿಸಿಕೊಳ್ಳುತ್ತಾಳೆ. ಎಸ್ಸೆಸ್ಸೆಲ್ಸಿಗೆ ಮುಂಚಿನ ಪೂರ್ವಸಿದ್ಧತಾ ಪರೀಕ್ಷೆ ಮುಗಿದ ಮೇಲೆ ಮಕ್ಕಳ ಅಂಕವನ್ನೆಲ್ಲ ವಿಷಯವಾರು ಹಾಕಿ, ಸರಾಸರಿ ತೆಗೆದು, ಇಲಾಖೆಗೆ ಕಳಿಸಬೇಕು. ಆ ಕೆಲಸದ ಹೆಸರೆತ್ತಿದರೆ ಸ್ಟಾಫ್ ರೂಮಿನಲ್ಲಿ ಒಬ್ಬರಿಗೆ ತಲೆನೋವು, ಇನ್ನೊಬ್ಬರಿಗೆ ಸೊಂಟನೋವು. ಯಶೋಧರಾ ಮಾತ್ರ ಬೆಳಿಗ್ಗೆ ಬಂದವಳೇ ಆಫೀಸಿನ ಕಂಪ್ಯೂಟರ್ ಮುಂದೆ ಸೀರೆ ಸೆರಗು ಸಿಕ್ಕಿಸಿ ಕೂತುಬಿಡುತ್ತಾಳೆ. ಆ ವಾರ ಅವಳ ಮುಖದ ಕಳೆಯೇ ಬೇರೆ.

“ಇಲಾಖೆ ಕೇಳಿರೋದು ಬರೀ ಸರಾಸರಿ ಮೇಡಂ. ನೀವು ಅದನ್ನ ಹಿಡಕೊಂಡು ಸಂಸಾರ ಮಾಡ್ತಿದೀರಲ್ಲ,” ಎಂದು ಹೆಡ್‌ಮಾಸ್ಟರ್ ಪ್ರಸನ್ನಕುಮಾರ್ ಪ್ರತಿ ವರ್ಷ ಒಂದೇ ಮಾತು ಹೇಳುತ್ತಾರೆ.

ಸರಾಸರಿಯಿಂದ ಏನು ಗೊತ್ತಾಗುತ್ತದೆ ಹೇಳಿ. ಕನ್ನಡ ಮೇಲೆ, ಗಣಿತ ಕೆಳಗೆ. ಇದನ್ನು ತಿಳಿಯಲು ಕಂಪ್ಯೂಟರ್ ಬೇಕಾ? ಪರಿಶೀಲನಾ ಸಭೆಗೆ ಹೋದರೆ ಕನ್ನಡದವರಿಗೆ ಚಪ್ಪಾಳೆ, ಗಣಿತದವರಿಗೆ ಎದ್ದು ನಿಲ್ಲುವ ಯೋಗ. ಕೀರ್ತಿರಾಜ್‌ಗೆ ನಿಂತೂ ನಿಂತೂ ಅಭ್ಯಾಸವಾಗಿದೆ. ಅವರು ಹೊಳೆನರಸೀಪುರದ ಕಡೆಯವರು, ಹೆಡ್‌ಮಾಸ್ಟರು ಚನ್ನರಾಯಪಟ್ಟಣದವರು. “ನಿಮ್ಮೂರಲ್ಲೂ ಗಣಿತ ಹಿಂಗೇನಾ ಕೀರ್ತಿ, ಇಲ್ಲಾ ನೀವು ಇಲ್ಲಿಗೆ ಬಂದ್ಮೇಲೆ ಅಲ್ಲಿ ಸರಿಹೋಯ್ತಾ?” ಎಂದು ಇವರು ಚುಚ್ಚಿದರೆ, “ಮೊದ್ಲು ನಿಮ್ಮ ಚನ್ನರಾಯಪಟ್ಟಣದ ಸರಾಸರಿ ತೋರ್ಸಿ ಸಾ, ಆಮೇಲೆ ನಮ್ಮೂರ ಮಾತು,” ಎಂದು ಅವರು ತಿರುಗೇಟು ಕೊಡುತ್ತಾರೆ. ಯಶೋಧರಾ ಈ ಜಗಳಕ್ಕೆ ತಲೆ ಹಾಕುವುದಿಲ್ಲ.

ಅವಳು ಮಾಡುವುದು ಬೇರೆ. ತರಗತಿಯ ಮಕ್ಕಳನ್ನೆಲ್ಲ ಕಂಪ್ಯೂಟರಿನಲ್ಲೇ ಒಂದೊಂದು ವಿಷಯಕ್ಕೆ ಒಂದೊಂದು ಸಾಲಿನಲ್ಲಿ ನಿಲ್ಲಿಸುತ್ತಾಳೆ, ಹೆಚ್ಚು ಅಂಕದವರು ಮುಂದೆ, ಕಡಿಮೆಯವರು ಹಿಂದೆ. ಆಮೇಲೆ ಒಂದೇ ಮಗು ಆರು ಸಾಲಿನಲ್ಲಿ ಎಲ್ಲೆಲ್ಲಿ ನಿಂತಿದೆ ಎಂದು ನೋಡುತ್ತಾಳೆ. ಕನ್ನಡದ ಪತ್ರಿಕೆ ಸಲೀಸು, ಎಲ್ಲರಿಗೂ ಅಂಕ ಸುರಿಯುತ್ತದೆ. ಜೊತೆಗೆ ಅದು ನೂರಕ್ಕೆ ಬರೆಯುವ ಪತ್ರಿಕೆ, ಮಿಕ್ಕವೆಲ್ಲ ಎಂಬತ್ತಕ್ಕೆ. ಅಲ್ಲಿ ಎಂಬತ್ತು ತೆಗೆದ ಮಗು ಸಾಲಿನ ನಡುವೆ ಎಲ್ಲೋ ಇರುತ್ತದೆ. ಗಣಿತದಲ್ಲಿ ನಲವತ್ತು ತೆಗೆದ ಮಗು ಸಾಲಿನ ಮುಂದೆ ನಿಂತಿರುತ್ತದೆ. ಅಂಕ ಮಾತ್ರ ನೋಡುವವರು ಎಂಬತ್ತು ನಲವತ್ತಕ್ಕಿಂತ ದೊಡ್ಡದು ಅನ್ನುತ್ತಾರೆ. ಅಂಥವರ ಮೇಲೆ ಯಶೋಧರಾಗೆ ಸಿಟ್ಟು. ಆ ಸಿಟ್ಟು ಇವತ್ತಿನದಲ್ಲ, ಮೂವತ್ತು ವರ್ಷದ್ದು.

ಅವಳಪ್ಪ ದ್ಯಾವಯ್ಯ ಗೊರೂರು ಅಣೆಕಟ್ಟೆಯಲ್ಲಿ ನಾಲೆಯ ತೂಬು ಎತ್ತಿ ಇಳಿಸುವ ಕೆಲಸದಲ್ಲಿದ್ದ. ನೀರಾವರಿ ಕ್ವಾರ್ಟರ್ಸಿನ ಎರಡು ಕೋಣೆಯ ಮನೆ, ಗೋಡೆಯ ಮೇಲೆ ಬುದ್ಧನ ಪಟ. ಹಾಸನದ ಯಾವುದೋ ಸಭೆಯಲ್ಲಿ ಬುದ್ಧನ ಕಥೆ ಕೇಳಿ ಬಂದು, ಹುಟ್ಟಿದ ಮಗಳಿಗೆ ಯಶೋಧರಾ ಎಂದು ಹೆಸರಿಟ್ಟವನು ಅವನೇ. ರಜೆಯಲ್ಲಿ ಅವಳು ಅಪ್ಪನ ಹಿಂದೆಯೇ ನಾಲೆಯ ಏರಿ ಮೇಲೆ ಹೋಗುತ್ತಿದ್ದಳು. ಬೆಳಿಗ್ಗೆ ಬಿಟ್ಟ ನೀರು ಯಾವ ಊರಿನ ಗದ್ದೆಗೆ ಯಾವ ಹೊತ್ತಿಗೆ ಮುಟ್ಟುತ್ತದೆ, ಇನ್ನೊಂದು ತೂಬು ತೆಗೆದರೆ ಎಷ್ಟು ತಡವಾಗುತ್ತದೆ ಎಂದು ಲೆಕ್ಕ ಕಟ್ಟಿ ಹೇಳುತ್ತಿದ್ದಳು. “ನೀರು ನಿನ್ ಮಾತು ಕೇಳ್ತದೇನ್ ಮಗ?” ಎಂದು ಅಪ್ಪ ನಗುತ್ತಿದ್ದ. ಎಷ್ಟೋ ಸಲ ಕೇಳುತ್ತಿತ್ತು ಕೂಡ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ದ್ಯಾವಯ್ಯ ಮಾರ್ಕ್ಸ್ ಕಾರ್ಡು ಹಿಡಿದುಕೊಂಡು ಬೋರಪ್ಪನವರ ಮನೆಗೆ ಹೋದ. ಬೋರಪ್ಪ ಕ್ವಾರ್ಟರ್ಸಿನ ಹಿರಿಯ ಗುಮಾಸ್ತರು. ಕಾಗದ ಯಾವುದೇ ಇರಲಿ, ಅವರ ಕನ್ನಡಕದಡಿ ಹಾದು ಬರಬೇಕು, ಅದು ಅಲ್ಲಿನ ರೂಢಿ. ಅವರು ಕಾರ್ಡನ್ನು ದೂರ ಹಿಡಿದು ಓದಿದರು. ಕನ್ನಡ ನೂರಾ ಒಂದು. ಗಣಿತ ಅರವತ್ತೆಂಟು. ಮಿಕ್ಕದ್ದು ಅರವತ್ತರ ಆಜೂಬಾಜು.

“ನೂರಾ ಒಂದಾ ಸಾ?” ಎಂದ ದ್ಯಾವಯ್ಯ.

“ನೂರಾ ಒಂದು ಕಣಯ್ಯ. ಕನ್ನಡದಲ್ಲಿ ಕೈ ಐತೆ ನಿನ್ ಮಗ್ಳಿಗೆ. ಆರ್ಟ್ಸ್‌ಗೆ ಸೇರ್ಸು, ಮೇಡಮ್ಮು ಆಯ್ತಾಳೆ.”

ಕನ್ನಡಕ್ಕೆ ನೂರಿಪ್ಪತ್ತೈದು ಅಂಕ ಎನ್ನುವುದನ್ನು ಬೋರಪ್ಪ ಹೇಳಲಿಲ್ಲ. ಅದನ್ನೂ ಹೇಳಬೇಕೆಂದು ಅವರಿಗೆ ಹೊಳೆಯಲಿಲ್ಲವೋ ಏನೋ. ದ್ಯಾವಯ್ಯನ ಪಾಲಿಗೆ ಪರೀಕ್ಷೆ ಅಂದರೆ ನೂರು. ಮಗಳು ನೂರನ್ನೂ ದಾಟಿ ಒಂದು ಹೆಜ್ಜೆ ಆಚೆ ಹೋಗಿದ್ದಾಳೆ. ಆ ದಿನವೆಲ್ಲ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಣೆಕಟ್ಟೆಯ ಕಾವಲುಗಾರನಿಗೆ ಹೇಳಿದ, ಮೀನು ಹಿಡಿಯುವವರಿಗೆ ಹೇಳಿದ, ಬಸ್ ಕಂಡಕ್ಟರಿಗೂ ಹೇಳಿದ. “ನೂರಕ್ಕೆ ನೂರೊಂದು ತಗಂಡವ್ಳೆ ಕಣಪ್ಪ ನನ್ ಮಗ್ಳು.” ಕೇಳಿದವರಲ್ಲಿ ಕೆಲವರು ನಕ್ಕಿರಬೇಕು, ಅವನಿಗೆ ಅದು ಕಾಣಲಿಲ್ಲ. ಸಂಜೆ ಒಂದು ಪೊಟ್ಟಣ ಮೈಸೂರುಪಾಕು ತಂದು ಮಗಳ ಕೈಗಿಟ್ಟ.

ಯಶೋಧರಾಗೆ ಎಲ್ಲ ಗೊತ್ತಿತ್ತು. ಫಲಿತಾಂಶದ ಪಟ್ಟಿಯ ಮುಂದೆ ನಿಂತು ಎಲ್ಲರ ಅಂಕವನ್ನೂ ಓದಿದ್ದಳು. ಕನ್ನಡದಲ್ಲಿ ಅವಳಿಗಿಂತ ಮುಂದೆ ಐದಾರು ಜನ ಇದ್ದರು. ಗಣಿತದಲ್ಲಿ ಅವಳಿಗಿಂತ ಮುಂದೆ ಯಾರೂ ಇರಲಿಲ್ಲ, ಹಿಂದಿನವನು ಐವತ್ತನ್ನೂ ಮುಟ್ಟಿರಲಿಲ್ಲ. ಅಪ್ಪಾ, ಅದು ನೂರಿಪ್ಪತ್ತೈದಕ್ಕೆ, ನಾನು ಮುಂದಿರೋದು ಲೆಕ್ಕದಲ್ಲಿ ಎಂದು ಹೇಳಬೇಕಿತ್ತು. ಬಾಯಿ ತೆರೆದಳು. ಅಪ್ಪ ಅವಳ ಮುಖವನ್ನೇ ನೋಡುತ್ತಾ, ಮೈಸೂರುಪಾಕು ಬಾಯಿಗಿಡುವುದನ್ನು ಕಾಯುತ್ತಾ ಕೂತಿದ್ದ. ತೆರೆದ ಬಾಯಿಗೆ ಮೈಸೂರುಪಾಕು ಹಾಕಿಕೊಂಡು ಸುಮ್ಮನಾದಳು. ಆರ್ಟ್ಸ್ ಸೇರಿದಳು, ಬಿ.ಎ. ಮಾಡಿದಳು, ಬಿ.ಎಡ್. ಮಾಡಿದಳು, ಬೋರಪ್ಪ ಅಂದಂತೆ ಮೇಡಮ್ಮು ಆದಳು. ಅಪ್ಪನ ಆ ಖುಷಿಗಾಗಿ ನನ್ನ ಲೆಕ್ಕ ಬಿಟ್ಟುಕೊಟ್ಟೆ ಎಂದು ಅಂದಿನಿಂದಲೂ ಅಂದುಕೊಂಡಿದ್ದಾಳೆ. ದ್ಯಾವಯ್ಯ ತೀರಿಕೊಂಡು ವರ್ಷಗಳಾದವು. ಬಸ್ಸು ಗೊರೂರು ದಾಟುವಾಗ ಇವತ್ತಿಗೂ ಅವಳು ನಾಲೆಯ ಕಡೆ ಕತ್ತು ಹೊರಳಿಸುತ್ತಾಳೆ, ಅಪ್ಪನಿಗಾಗಿ ಅರ್ಧ, ಗಣಿತಕ್ಕಾಗಿ ಅರ್ಧ.

ಈ ಸಲದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವಳು ಸಾಲು ಹಾಕುತ್ತಿದ್ದಾಗ ಒಂದು ಹೆಸರಿನ ಮೇಲೆ ಕೈ ನಿಂತಿತು. ಸ್ಮಿತಾ. ಕನ್ನಡದಲ್ಲಿ ಎಂಬತ್ತಮೂರು, ಗಣಿತದಲ್ಲಿ ನಲವತ್ತೇಳು. ಅಂಕ ನೋಡಿದರೆ ಕನ್ನಡದ ಹುಡುಗಿ. ಸಾಲು ನೋಡಿದರೆ ಕನ್ನಡದಲ್ಲಿ ಎಂಟನೆಯವಳು, ಗಣಿತದಲ್ಲಿ ಮೊದಲನೆಯವಳು. ಎರಡನೆಯವನಿಗೂ ಅವಳಿಗೂ ಹನ್ನೆರಡು ಅಂಕದ ಅಂತರ. ಯಶೋಧರಾ ಕುರ್ಚಿಯಲ್ಲಿ ಹಿಂದಕ್ಕೆ ಒರಗಿಕೊಂಡಳು. ಮತ್ತೊಮ್ಮೆ ಅಂಕ ತಾಳೆ ನೋಡಿದಳು. ಎದ್ದು ಹೋಗಿ ಕೀರ್ತಿರಾಜ್‌ಗೆ ತೋರಿಸಿದಳು.

“ಆ ಹುಡುಗಿಗೆ ಲೆಕ್ಕ ಬರ್ತದೆ ಅಂತ ನಂಗೂ ಗೊತ್ತು ಮೇಡಂ. ಆದ್ರೆ ಮನೆಯೋರು ಎಲ್ಲಿ ಸೈನ್ಸ್ ಓದಿಸ್ತಾರೆ? ಎಂಬತ್ಮೂರು ನೋಡಿ ಆರ್ಟ್ಸ್‌ಗೆ ಹಾಕ್ತಾರೆ,” ಎಂದರು ಕೀರ್ತಿರಾಜ್.

“ಅದು ಹೆಂಗೆ ಹಾಕ್ತಾರೋ ನಾನೂ ನೋಡ್ತೀನಿ,” ಎಂದಳು ಯಶೋಧರಾ.

ಪೋಷಕರ ಸಭೆಗೆ ಸ್ಮಿತಾಳ ಅಪ್ಪ ಮಹೇಶ ಬಂದ. ಅವನದು ಒಂದಿಷ್ಟು ಹೊಗೆಸೊಪ್ಪು, ಒಂದಿಷ್ಟು ಶುಂಠಿಯ ಬೇಸಾಯ. ಮಗಳ ಓದಿನ ವಿಷಯದಲ್ಲಿ ಅವನಿಗೆ ಭಯಭಕ್ತಿ. ಯಶೋಧರಾ ಅವನನ್ನು ಕೂರಿಸಿ, ಸಾಲುಗಳನ್ನು ತೋರಿಸಿ, ಅಂಕಕ್ಕೂ ಜಾಗಕ್ಕೂ ಇರುವ ವ್ಯತ್ಯಾಸ ಬಿಡಿಸಿ ಹೇಳಿದಳು. ಇಷ್ಟು ಉತ್ಸಾಹದಿಂದ ಅವಳು ವ್ಯಾಕರಣವನ್ನೂ ಹೇಳಿಕೊಟ್ಟಿರಲಿಲ್ಲ. ಹುಡುಗಿಯನ್ನು ಹಾಸನದಲ್ಲಿ ಸೈನ್ಸ್‌ಗೆ ಸೇರಿಸಬೇಕು, ಹಾಸ್ಟೆಲ್ ಇದೆ, ಬೇಕಾದರೆ ತನ್ನ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ ಎಂದಳು. ಮಹೇಶ ಎಲ್ಲಕ್ಕೂ ತಲೆಯಾಡಿಸಿದ.

“ನಮ್ಗೇನು ಗೊತ್ತಾಯ್ತದೆ ಮೇಡಮ್ಮೋರೆ. ನೀವು ಎಂಗೇಳ್ತೀರೋ ಅಂಗೆ,” ಎಂದ. ಸ್ಮಿತಾ ಅಪ್ಪನ ಕುರ್ಚಿಯ ಹಿಂದೆ ನಿಂತು ನೆಲ ನೋಡುತ್ತಿದ್ದಳು. ದೊಡ್ಡವರ ಮುಂದೆ ನಾಚಿಕೆ ಎಂದುಕೊಂಡಳು ಯಶೋಧರಾ.

ಮುಂದಿನ ಕೆಲವು ವಾರ ಅವಳ ಬಾಳಿನ ಸುಗ್ಗಿ. ಮಧ್ಯಾಹ್ನದ ಬಿಸಿಯೂಟವಾದ ಮೇಲೆ ಸ್ಮಿತಾಳನ್ನು ಲೈಬ್ರರಿಯ ಮೂಲೆಗೆ ಕರೆದು ಲೆಕ್ಕ ಮಾಡಿಸುತ್ತಿದ್ದಳು. ಕೀರ್ತಿರಾಜ್‌ಗೆ ಮೊದಲು ಮುಜುಗರವಾಯಿತು, ಆಮೇಲೆ ಒಂದು ದಿನ ಬಾಗಿಲಲ್ಲಿ ನಿಂತು ನೋಡಿ, “ನೀವು ನನ್ನ ಕೆಲಸಕ್ಕೇ ಕುತ್ತು ತರ್ತೀರಿ ಮೇಡಂ,” ಎಂದು ನಕ್ಕು ಹೋದರು. ಹುಡುಗಿ ಚುರುಕು. ಒಂದು ದಾರಿ ತೋರಿಸಿದರೆ ಇನ್ನೊಂದು ದಾರಿ ತಾನೇ ಹುಡುಕುತ್ತಿದ್ದಳು. ಅವಳು ಉತ್ತರ ತೆಗೆದಾಗಲೆಲ್ಲ ಯಶೋಧರಾಗೆ ತಾನೇ ತೆಗೆದಂತಾಗುತ್ತಿತ್ತು. ನಾಲೆಯ ಏರಿಯ ಮೇಲಿನ ಬಿಸಿಲು, ಅಪ್ಪನ ನಗು, ಎಲ್ಲ ನೆನಪಾಗುತ್ತಿತ್ತು. ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಈ ಹುಡುಗಿ ಬಿ.ಎಸ್ಸಿ. ಮಾಡುತ್ತಾಳೆ, ಮೈಸೂರಿನಲ್ಲಿ ಎಂ.ಎಸ್ಸಿ. ಮಾಡುತ್ತಾಳೆ ಎಂದು ತಾನು ಓದದ ಓದನ್ನೆಲ್ಲ ಅವಳಿಂದ ಓದಿಸುತ್ತಾ ಹೋಗುತ್ತಿದ್ದಳು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಶಾಲೆಯ ಆಂತರಿಕ ಅಂಕವೂ ಸೇರಿ ಸ್ಮಿತಾಗೆ ಕನ್ನಡದಲ್ಲಿ ನೂರಾ ಒಂಬತ್ತು, ಗಣಿತದಲ್ಲಿ ಎಪ್ಪತ್ತೊಂದು. ಈ ಬಾರಿಯೂ ಗಣಿತದ ಸಾಲಿನಲ್ಲಿ ಅವಳೇ ಮುಂದೆ. ರಜೆಯಾದರೂ ಯಶೋಧರಾ ಮಕ್ಕಳಿಗೆ ವರ್ಗಾವಣೆ ಪತ್ರ ಕೊಡಲೆಂದು ಶಾಲೆಗೆ ಬಂದಿದ್ದಳು. ಮಹೇಶ ಒಂದು ಡಬ್ಬ ಜಿಲೇಬಿ ತಂದಿದ್ದ.

“ನೂರೊಂಬತ್ತು ನೂರಿಪ್ಪತ್ತೈದಕ್ಕೆ ಅಂತ ಗೊತ್ತು ಬುಡಿ ಮೇಡಮ್ಮೋರೆ,” ಎಂದ ಅವನು ಹೆಮ್ಮೆಯಿಂದ. “ನೀವು ಅವತ್ತು ಏಳ್ಕೊಟ್ರಲ್ಲ. ಊರಲ್ಲಿ ಎಲ್ರಿಗೂ ಏಳಿದೀನಿ, ನನ್ ಮಗ್ಳು ಲೆಕ್ಕದಲ್ಲಿ ಫಸ್ಟು, ಸೋಮವಾರ ಹಾಸನಕ್ಕೆ ಸೈನ್ಸ್‌ಗೆ ಸೇರ್ಸ್ತೀನಿ ಅಂತ.”

ಅವನು ಹೆಡ್‌ಮಾಸ್ಟರಿಗೆ ಸಿಹಿ ಕೊಡಲು ಒಳಗೆ ಹೋದ. ಸ್ಮಿತಾ ಮೇಜಿನ ಮುಂದೆ ಉಳಿದಳು.

“ಖುಷಿನೇನೆ?” ಎಂದು ಕೇಳಿದಳು ಯಶೋಧರಾ.

“ಅಪ್ಪ ಖುಷಿಯಾಗವ್ನೆ ಮಿಸ್.”

ಯಶೋಧರಾಳ ಕೈಯಲ್ಲಿದ್ದ ಜಿಲೇಬಿ ಅಲ್ಲೇ ನಿಂತಿತು.

“ನಿನ್ನ ಕೇಳ್ದೆ ಕಣೆ ನಾನು.”

ಹುಡುಗಿ ವೇಲಿನ ತುದಿ ತಿರುವುತ್ತಾ ನಿಂತಳು. ಕಡೆಗೆ, “ಬೈಬಾರ್ದು ಮಿಸ್,” ಎಂದಳು. “ನಂಗೆ ಐಚ್ಛಿಕ ಕನ್ನಡ ತಗಂಡು ಓದ್ಬೇಕು ಅಂತ ಆಸೆ. ಅರಕಲಗೂಡಲ್ಲೇ ಐತಂತೆ. ನೀವು ಪದ್ಯ ಓದ್ತೀರಲ್ಲ, ಅದು ಮನೆಗೋದ್ರೂ ಕಿವಿಯಲ್ಲೇ ಇರ್ತದೆ. ನಾನೂ ಅಂಗೆ ಬರೀಬೇಕು ಅನ್ಸ್ತದೆ.”

“ಪೂರ್ವಸಿದ್ಧತೇಲಿ ಕನ್ನಡದಲ್ಲಿ ನೀನು ಎಂಟನೆಯೋಳು ಕಣೆ. ಲೆಕ್ಕದಲ್ಲಿ ನಿನ್ ಹತ್ರ ಬರೋರೇ ಇಲ್ಲ.”

“ಗೊತ್ತು ಮಿಸ್. ಲೆಕ್ಕ ಬರ್ತದೆ. ಬರೋದೆಲ್ಲ ಬೇಕು ಅಂತ ಐತಾ?”

“ಮೊದ್ಲೇ ಹೇಳೋಕೇನಾಗಿತ್ತು ನಿಂಗೆ?” ಯಶೋಧರಾಳ ದನಿ ಏರಿತು.

“ಲೆಕ್ಕ ಏಳ್ಕೊಡುವಾಗ ನಿಮ್ಮ ಮುಖ ನೋಡ್ತಿದ್ದೆ ಮಿಸ್. ಏಳಕ್ಕೆ ಮನ್ಸೇ ಬರ್ತಿರ್ಲಿಲ್ಲ.”

ಮಹೇಶ ನಗುತ್ತಾ ಹೊರಗೆ ಬಂದ, ಮಗಳನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹೋದ. ಯಶೋಧರಾ ಅವರಿಗೆ ಕೈ ಬೀಸಿದಳೋ ಇಲ್ಲವೋ ಅವಳಿಗೇ ನೆನಪಿಲ್ಲ.

ಬಸ್ಸಿನಲ್ಲಿ ಅವಳಿಗೆ ಬಂದದ್ದು ಕೋಪ. ಸುಮ್ಮನೆ ಕೋಪವಲ್ಲ, ಹೊಟ್ಟೆಕಿಚ್ಚು. ತಾನು ಮೂವತ್ತು ವರ್ಷ ಬಾಯಾರಿ ಕೂತಿದ್ದನ್ನು ಈ ಪುಟ್ಟ ಹುಡುಗಿ ಕೈಯಲ್ಲಿ ಹಿಡಿದುಕೊಂಡು ಬೇಡ ಅನ್ನುತ್ತಾಳಲ್ಲ. ಸುಮ್ಮನಿದ್ದುಬಿಡೋಣ, ಸೋಮವಾರ ಸೇರಿಸಿಬಿಡಲಿ, ಆಮೇಲೆ ಅವಳಿಗೇ ರುಚಿ ಹತ್ತುತ್ತದೆ ಎಂದು ಒಂದು ಮನಸ್ಸು ಹೇಳಿತು. ತಾನೊಂದು ಮಾತೂ ಆಡಬೇಕಿಲ್ಲ. ಮಹೇಶ ಒಪ್ಪಿದ್ದಾನೆ, ಹುಡುಗಿ ಅಪ್ಪನ ಮುಂದೆ ಬಾಯಿ ಬಿಡುವುದಿಲ್ಲ.

ಅಷ್ಟರಲ್ಲಿ ಇನ್ನೊಂದು ಸಂಗತಿ ನೆನಪಾಗಿ ಮುಖ ಬಿಸಿಯಾಯಿತು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನೀರಿನ ಮಿತಬಳಕೆಯ ಬಗ್ಗೆ ಪ್ರಬಂಧ ಕೇಳಿದ್ದಳು. ಎಲ್ಲ ಮಕ್ಕಳೂ ಗೈಡಿನಲ್ಲಿದ್ದದ್ದನ್ನು ಬರೆದರು. ಸ್ಮಿತಾ ಮಾತ್ರ ನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ಅಜ್ಜಿ ಲಕ್ಕಮ್ಮ ಯಾರ್ಯಾರಿಗೆ ಹೇಗೆ ಬೈಯುತ್ತಾಳೆ ಎಂದು ಎರಡು ಪುಟ ಬರೆದಿದ್ದಳು. ಯಶೋಧರಾ ಸ್ಟಾಫ್ ರೂಮಿನಲ್ಲಿ ಅದನ್ನು ಗಟ್ಟಿಯಾಗಿ ಓದಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ವಿಷಯ ಬಿಟ್ಟು ಹೋಗಿದೆ ಎಂದು ಅಂಕ ಕಳೆದಿದ್ದಳು. ಎಂಟನೆಯ ಜಾಗದಲ್ಲಿ ಹುಡುಗಿಯನ್ನು ನಿಲ್ಲಿಸಿದ್ದು ತನ್ನದೇ ಕೆಂಪು ಪೆನ್ನು. ಆರು ಸಾಲು ಹಾಕಿದವಳಿಗೆ ಇದು ಯಾವ ಸಾಲಿನಲ್ಲೂ ಕಂಡಿರಲಿಲ್ಲ.

ಮನೆಯಲ್ಲಿ ಅವ್ವ ಪಾರ್ವತಮ್ಮ ಪಕ್ಕದ ಮನೆಗೆ ಹೊಸದಾಗಿ ಬಂದ ಹೆಂಗಸಿನ ಜೊತೆ ಮಾತಾಡುತ್ತಾ ಕೂತಿದ್ದಳು. “ನನ್ ಮಗ್ಳು ಎಸ್ಸೆಸ್ಸೆಲ್ಸೀಲಿ ನೂರಕ್ಕೆ ನೂರೊಂದು ತಗಂಡಿದ್ಲು ಕಣವ್ವ,” ಎನ್ನುವುದು ಯಶೋಧರಾಳ ಕಿವಿಗೆ ಬಿತ್ತು. ಇಷ್ಟು ವರ್ಷ ಆ ಮಾತು ಕೇಳಿದಾಗಲೆಲ್ಲ ಒಳಕ್ಕೆ ಹೋಗಿಬಿಡುತ್ತಿದ್ದಳು. ಇವತ್ತು ಆ ಹೆಂಗಸು ಎದ್ದು ಹೋಗುವವರೆಗೆ ಕಾದಳು.

“ಅವ್ವ, ಅದು ನೂರಿಪ್ಪತ್ತೈದಕ್ಕೆ. ನಾನು ಮುಂದಿದ್ದಿದ್ದು ಲೆಕ್ಕದಲ್ಲಿ. ನಂಗೆ ಲೆಕ್ಕಾನೇ ಓದ್ಬೇಕು ಅಂತಿತ್ತು.”

ಪಾರ್ವತಮ್ಮ ಮಗಳನ್ನು ದಿಟ್ಟಿಸಿದಳು. “ಮತ್ತೆ ಯಾಕೆ ಏಳ್ಲಿಲ್ಲ?”

“ಅಪ್ಪ ಅಷ್ಟು ಕುಣೀತಿದ್ದ. ಹೆಂಗೆ ಹೇಳ್ಲಿ?”

“ಅಯ್ಯೋ ಮಗಳೆ,” ಎಂದಳು ಪಾರ್ವತಮ್ಮ. “ಅವ್ನು ಕುಣಿದಿದ್ದು ನಿನ್ ನೋಡಿ, ನಂಬರ್ ನೋಡಿ ಅಲ್ಲ. ಲೆಕ್ಕ ಓದ್ತೀನಿ ಕಣಪ್ಪ ಅಂದಿದ್ರೆ ಅದಕ್ಕೂ ಅಂಗೇ ಕುಣೀತಿದ್ದ. ಬ್ಯಾಡ ಅಂತಿದ್ನಾ?”

ಯಶೋಧರಾ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಕೂತಳು. ಅಪ್ಪನಿಗಾಗಿ ತ್ಯಾಗ ಮಾಡಿದೆ ಎಂಬ ಒಂದು ಸಮಾಧಾನ ಇಷ್ಟು ದಿನ ಇತ್ತು. ಆ ನೋವಿಗೆ ಅದೊಂದು ಆಸರೆ. ಅವ್ವ ಅದನ್ನೂ ಎಳೆದು ಬಿಸಾಡಿದಳು, ಅದೂ ಸೊಪ್ಪು ಸೋಸುತ್ತಾ.

ಮಾರನೆಯ ದಿನ ಭಾನುವಾರ. ಯಶೋಧರಾ ಬೆಳಗಿನ ಬಸ್ಸಿಗೆ ಸ್ಮಿತಾಳ ಊರಿಗೆ ಹೋದಳು. ಮಹೇಶ ಅಂಗಳದ ಪಕ್ಕದ ಮಡಿಯಲ್ಲಿ ಹೊಗೆಸೊಪ್ಪಿನ ಸಸಿ ಕೀಳುತ್ತಿದ್ದ. ಜಗಲಿಯ ಮೇಲೆ ಲಕ್ಕಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಸ್ಮಿತಾ ಮೇಡಂ ಬಂದದ್ದನ್ನು ಕಂಡವಳೇ ಬಾಗಿಲ ಹಿಂದೆ ಸರಿದಳು.

ನೀರು ಕುಡಿದು, ಕ್ಷೇಮ ಸಮಾಚಾರವಾಗಿ, ಯಶೋಧರಾ ವಿಷಯಕ್ಕೆ ಬಂದಳು. ಹುಡುಗಿಯನ್ನು ಅರಕಲಗೂಡಿನಲ್ಲೇ ಆರ್ಟ್ಸ್‌ಗೆ ಸೇರಿಸಬೇಕು, ಅವಳು ಕನ್ನಡ ಓದಬೇಕು ಎಂದಳು. ಆ ಮಾತು ಆಡುವಾಗ ಮಧ್ಯಾಹ್ನದ ಲೈಬ್ರರಿಯ ಮೂಲೆ ಕಣ್ಣ ಮುಂದೆ ಬಂತು. ಇನ್ನು ಅಲ್ಲಿ ಯಾರೂ ಕೂರುವುದಿಲ್ಲ ಎಂದುಕೊಂಡಳು.

ಮಹೇಶ ಕೈಯ ಮಣ್ಣು ಒರೆಸಿಕೊಳ್ಳುತ್ತಾ ಎದ್ದು ನಿಂತ. “ಅಲ್ಲ ಮೇಡಮ್ಮೋರೆ, ನೀವೇ ತಾನೆ ಅಷ್ಟುದ್ದ ಬಿಡಿಸಿ ಏಳಿದ್ದು? ಅಂಕ ನೋಡ್ಬ್ಯಾಡ, ಜಾಗ ನೋಡು ಅಂತ. ನಾನು ಊರಿಗೆಲ್ಲ ಸಾರ್ಕಂಡು ಬಂದಿದೀನಿ.”

“ಹೇಳಿದ್ದು ನಾನೇ. ಅವ್ಳು ಎಲ್ಲಿ ನಿಂತವ್ಳೆ ಅಂತ ನೋಡ್ದೆ. ಎಲ್ಲಿಗೆ ಹೋಗ್ಬೇಕು ಅಂತ ಅವ್ಳನ್ನ ಕೇಳ್ಲಿಲ್ಲ. ಇವಾಗ ಕೇಳಿ ಮಹೇಶಪ್ಪ.”

ಮಹೇಶ ಬಾಗಿಲ ಕಡೆ ತಿರುಗಿದ. “ಏನವ್ವ?”

ಸ್ಮಿತಾ ಹೊಸ್ತಿಲು ದಾಟಿ ಬಂದಳು. ಅಪ್ಪನ ಮುಖ ನೋಡಿದಳು, ಮೇಡಂ ಮುಖ ನೋಡಿದಳು. “ಕನ್ನಡ ಓದ್ತೀನಿ ಕಣಪ್ಪ,” ಎಂದಳು. ಮಾತು ಸ್ಪಷ್ಟವಾಗಿ ಬಂತು.

ಮಹೇಶ ಕಿತ್ತಿದ್ದ ಸಸಿಗಳನ್ನು ನೆರಳಿಗೆ ಸರಿಸಿದ. “ಇದ್ನ ಏಳಕ್ಕೆ ಇಷ್ಟು ದಿನ ಬೇಕಾ ನಿಂಗೆ? ಆಸ್ಟೆಲ್‌ಗೆ ಅಂತ ಟ್ರಂಕ್ ಬೇರೆ ತಂದಿದೀನಿ,” ಎಂದು ಗೊಣಗಿದ. ಆಮೇಲೆ, “ಓದು. ಅದ್ಕೇನಂತೆ,” ಎಂದ. ಇಷ್ಟೇ ಆದದ್ದು. ಆಕಾಶವೇನೂ ಕಳಚಿ ಬೀಳಲಿಲ್ಲ. ಹುಡುಗಿ ಅಳುತ್ತಾ ನಗುತ್ತಾ ಒಳಗೆ ಓಡಿದಳು.

ಅಷ್ಟು ಸುಲಭವಾಗಿ ಮುಗಿದದ್ದನ್ನು ಯಶೋಧರಾ ನೋಡುತ್ತಲೇ ನಿಂತಳು.

“ಅಂಗಾದ್ರೆ ಇವ್ಳೂ ನಿಮ್ಮಂಗೇ ಮೇಡಮ್ಮು ಆಯ್ತಾಳೆ ಅನ್ನಿ,” ಎಂದ ಮಹೇಶ, ತನಗೆ ತಾನೇ ಸಮಾಧಾನ ಹೇಳಿಕೊಳ್ಳುವಂತೆ.

“ನನ್ನಂಗೆ ಬೇಡ ಮಹೇಶಪ್ಪ. ಇವ್ಳು ಬಾಯ್ಬಿಟ್ಟು ಕೇಳವ್ಳೆ. ನಾನು ಕೇಳ್ಲಿಲ್ಲ.”

ಲಕ್ಕಮ್ಮ ಹುಣಸೆಹಣ್ಣಿನಿಂದ ತಲೆಯೆತ್ತಿದಳು. “ನೀನೇನು ಕೇಳ್ಬೇಕಿತ್ತವ್ವ?”

“ಲೆಕ್ಕ ಓದ್ಸು ಅಂತ ನಮ್ಮಪ್ಪನ್ನ ಕೇಳ್ಬೇಕಿತ್ತು.”

“ಕೇಳಿದ್ರೆ ಓದಿಸ್ತಿರ್ಲಿಲ್ವ?”

ಯಶೋಧರಾ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡಳು.

“ಓದಿಸ್ತಿದ್ದ,” ಎಂದಳು.